ಒಂಬತ್ತು ವರ್ಷ ಆಡದ ಹೆಸರು

“ಇವನಲ್ಲ ಕಣ್ರೀ! ನಮ್ಮ ಯಜಮಾನ್ರು ಇವನಲ್ಲ!”

ಗುರುಶಾಂತಮ್ಮ ಕೂಗಿದ್ದು ಹೋಟೆಲಿನ ಜಗಲಿಯುದ್ದಕ್ಕೂ ಕೇಳಿಸಿತು. ಆ ತುದಿಯಲ್ಲಿ ಚಹಾ ಕುಡಿಯುತ್ತಿದ್ದ ದೊರೆಸಾನಿ ಬಟ್ಟಲು ಕೆಳಗಿಟ್ಟು ತಿರುಗಿ ನೋಡಿದಳು. ಇನ್ಸ್‌ಪೆಕ್ಟರ್ ಜಯಸೇನ ಮಾತ್ರ ಕೂಗಿದವಳನ್ನು ನೋಡಲಿಲ್ಲ. ಅವಳ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಕಂಠಪ್ಪನ ಕಡೆ ತಿರುಗಿ, ಏನಂದಳು ಎಂದು ಹುಬ್ಬು ಹಾರಿಸಿದ.

ಗ್ರಹಚಾರ ಎಂದರೆ ಇದು ನೋಡಿ. ಆ ಹೋಟೆಲಿನಲ್ಲಿ ಕನ್ನಡ ಬಲ್ಲವರು ಇಬ್ಬರೇ ಉಳಿದಿದ್ದರು. ಒಬ್ಬಳು ಗಂಡ ಕಾಣೆಯಾದನೆಂದು ಬಾಯಿ ಬಡಿದುಕೊಳ್ಳುತ್ತಿದ್ದವಳು. ಇನ್ನೊಬ್ಬ ಆ ಗಂಡನ ಜಾಗದಲ್ಲಿ ಹಾಯಾಗಿ ಕೂತಿದ್ದವನು. ಅವಳ ಮಾತು ಪೊಲೀಸಿನವರ ಕಿವಿಗೆ ಮುಟ್ಟಬೇಕಾದರೆ ಇವನ ಬಾಯಿಂದಲೇ ಹೋಗಬೇಕಾಗಿತ್ತು.

ಕಂಠಪ್ಪ ನಿಟ್ಟುಸಿರುಬಿಟ್ಟು, ಇಂಗ್ಲಿಷಿನಲ್ಲಿ ಮೂರೋ ನಾಲ್ಕೋ ಮಾತು ಆಡಿದ. ಇನ್ಸ್‌ಪೆಕ್ಟರು ಅಯ್ಯೋ ಪಾಪ ಎನ್ನುವ ಹಾಗೆ ತಲೆಯಾಡಿಸಿ ಬರೆದುಕೊಂಡ.

ಹುಣಸೂರು ಬಿಟ್ಟು, ಧನುಷ್ಕೋಡಿಯಲ್ಲಿ ಹಡಗು ಹತ್ತಿ, ಈ ಸಿಂಹಳದ್ವೀಪದ ಕಡಲತಡಿಯ ಹೋಟೆಲಿಗೆ ಗಂಡನ ಜೊತೆ ಬಂದು ಅವಳಿಗೆ ಇದು ಮೂರನೆಯ ದಿನ. ಬೆಳಗ್ಗೆ ಮರಳ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡಿ ಬರುತ್ತೇನೆಂದು ಹೋದ ಗಂಡ, ಹೊತ್ತು ನೆತ್ತಿಗೆ ಬಂದರೂ ತಿರುಗಿ ಬಂದಿರಲಿಲ್ಲ.

“ಏನಂದೆ ಅವರ್ಗೆ?” ಎಂದಳು ಗುರುಶಾಂತಮ್ಮ.

“ಬಿಸ್ಲು ತಲೆಗೇರ್ಬುಟ್ಟದೆ ಅಂದೆ,” ಎಂದ ಕಂಠಪ್ಪ. ಮುಖದಲ್ಲಿ ಕರುಣೆ ಉಕ್ಕುತ್ತಿತ್ತು, ಅದು ಇನ್ಸ್‌ಪೆಕ್ಟರಿಗೆ ಕಾಣಲೆಂದು. “ಅಡಗು ಅತ್ತಿದಾಗಿಂದ ನನ್ನೆಂಡ್ರಿಗೆ ಮನಸ್ಸು ನೆಟ್ಟಗಿಲ್ಲ, ಕಟ್ಕೊಂಡ ಗಂಡನ್ನೇ ಗುರುತು ಇಡಿಯಾಕಿಲ್ಲ ಅಂತ ಯೋಳ್ದೆ. ಏಳ್ನೇ ರೂಮಿನ ನನ್ನ ಗೆಣೆಕಾರ ಬೆಳಿಗ್ಗೆ ಬಸ್ಸಿಗೇ ಗಂಟು ಕಟ್ಕೊಂಡು ಓದ ಅಂತ್ಲೂ ಯೋಳಿವ್ನಿ. ವಸಿ ಸುಮ್ಕಿರು ಕಣೇ.”

ಕಣೇ!

ಅಯ್ಯೋ ಶಿವನೇ! ಹಡಗಿನಲ್ಲಿ ಮೊದಲ ಸಲ ಮಾತಾಡಿಸಿದಾಗ ಇದೇ ಮನುಷ್ಯ “ಅಕ್ಕಾವ್ರೆ, ಎಳನೀರು ಕುಡೀರಿ” ಎಂದಿದ್ದ. ನಿನ್ನೆ ರಾತ್ರಿಯವರೆಗೂ ಅಕ್ಕಾವ್ರೆ ಬನ್ನಿ, ಅಕ್ಕಾವ್ರೆ ಕೂತ್ಕಳಿ. ಈಗ ಕಟ್ಟಿಕೊಂಡವನ ಹಾಗೆ ಕಣೇ, ಸುಮ್ಕಿರು. ಇಷ್ಟು ದೊಡ್ಡ ಕಳ್ಳತನ ಕಣ್ಣೆದುರಿಗೇ ನಡೆಯುತ್ತಿದ್ದರೂ ಇನ್ಸ್‌ಪೆಕ್ಟರಿಗೆ ಅದು ಕೇಳಿಸುವಂತಿರಲಿಲ್ಲ.

ಗಂಡನಿಗೂ ಇವನ ಮೇಲೆ ಎಂಥ ನಂಬಿಕೆ! ನಡುಗಡಲಲ್ಲಿ ತನ್ನೂರ ಮಾತು ಕಿವಿಗೆ ಬಿದ್ದದ್ದೇ ತಡ, ಕರಗಿಹೋಗಿದ್ದ. ಕಂಠಪ್ಪನ ತಾಯಿಯ ತವರು ಹಂಪಾಪುರವಂತೆ, ನಾನೂ ಲಿಂಗವಂತನೇ ಎಂದ, ಹಣೆ ತುಂಬ ವಿಭೂತಿ ಬೇರೆ. ಸಿಂಹಳದವರ ಮಾತು, ಇಂಗ್ಲಿಷು ಎಲ್ಲ ಬಲ್ಲವನು. ಇಬ್ಬರ ಫೋಟೋ ಇದ್ದ ಪಾಸ್‌ಪೋರ್ಟನ್ನು ಮೊಹರು ಹಾಕಿಸಲು ಕೊಲಂಬೊಗೆ ಕಳಿಸಬೇಕೆಂದಾಗ ಗಂಡ ಹಿಂದುಮುಂದು ನೋಡದೆ ಇವನ ಕೈಗೇ ಕೊಟ್ಟುಬಿಟ್ಟಿದ್ದ. ಅದು ತಿರುಗಿ ಬರಲು ಇನ್ನೂ ನಾಲ್ಕು ದಿನ.

ನಾಲ್ಕು ದಿನ ಯಾರು ಕಾಯುತ್ತಾರೆ! ವಕೀಲರು ಬರುವುದು ನಾಳೆ ಹತ್ತು ಗಂಟೆಗೆ.

ಅವರು ಈ ದ್ವೀಪಕ್ಕೆ ಬಂದದ್ದೇ ಆ ವಕೀಲರ ಕಾಗದ ನೋಡಿ. ಗಂಡನ ಚಿಕ್ಕಪ್ಪ ವೀರಭದ್ರಸ್ವಾಮಿ ನಲವತ್ತು ವರ್ಷದ ಹಿಂದೆ ಹೊಗೆಸೊಪ್ಪಿನ ವ್ಯಾಪಾರಕ್ಕೆಂದು ಬಂದು, ಇಲ್ಲೇ ತೆಂಗಿನ ತೋಟ ಮಾಡಿ, ಮಕ್ಕಳಿಲ್ಲದೆ ತೀರಿಕೊಂಡಿದ್ದರು. ತೋಟ ಅಣ್ಣನ ಮಗನಿಗೂ ಅವನ ಹೆಂಡತಿಗೂ ಸೇರಬೇಕು, ಇಬ್ಬರೂ ಜೊತೆಯಾಗಿ ಬಂದು ರುಜು ಹಾಕಬೇಕು ಎಂದು ಬರೆದಿಟ್ಟಿದ್ದರು. ವಕೀಲರು ಈ ಗಂಡಹೆಂಡಿರ ಮುಖ ಕಂಡವರಲ್ಲ. ಇದನ್ನೆಲ್ಲ ಗಂಡ ಹಡಗಿನಲ್ಲೇ ಕಂಠಪ್ಪನಿಗೆ ಹೇಳಿಬಿಟ್ಟಿದ್ದ.

ಹಾಗಾದರೆ ಕಂಠಪ್ಪನಿಗೆ ಬೇಕಾದದ್ದು ಹೆಂಡತಿ. ಗಂಡ ಬೇಡ.

ಬೇಡದ ಗಂಡನನ್ನು ಇವನು ಏನು ಮಾಡಿರಬಹುದು? ಎದುರಿಗೆ ಸಮುದ್ರ ಒಂದೇ ಸಮನೆ ಮೊರೆಯುತ್ತಿತ್ತು. ಆ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ತಟ್ಟನೆ ಅವಳಿಗೆ ಒಂದು ನೆನಪಾಯಿತು. ಎದ್ದವಳೇ ಆರನೆಯ ಕೋಣೆಗೆ ಓಡಿ, ಮಂಚದ ಕೆಳಗೆ ಕೈಹಾಕಿ, ಗಂಡನ ಚಪ್ಪಲಿ ಜೋಡಿಯನ್ನು ಎತ್ತಿಕೊಂಡು ಬಂದು ಇನ್ಸ್‌ಪೆಕ್ಟರನ ಮೇಜಿನ ಮುಂದೆ ಇಟ್ಟಳು. ಬಲಗಾಲಿನ ಪಟ್ಟಿ ಕಿತ್ತುಹೋಗಿ, ಹೊರಡುವ ಹಿಂದಿನ ದಿನ ಹುಣಸೂರಿನ ಮಂಟಯ್ಯನ ಹತ್ತಿರ ಹೊಲಿಸಿಕೊಂಡು ಬಂದ ಚಪ್ಪಲಿ.

“ನೋಡಿ ಸ್ವಾಮಿ! ಮರಳಲ್ಲಿ ಚಪ್ಪಲಿ ಯಾತಕ್ಕೆ ಅಂತ ಬರಿಗಾಲಲ್ಲಿ ಓದ್ರು! ಬಸ್ಸತ್ತಿ ಊರು ಬುಟ್ಟು ಓಗೋರು ಚಪ್ಪಲಿ ಬುಟ್ಟು ಓದಾರಾ? ನೀವೇ ಯೋಳಿ!”

ಇನ್ಸ್‌ಪೆಕ್ಟರ್ ಚಪ್ಪಲಿಯನ್ನು ನೋಡಿದ, ಕಂಠಪ್ಪನನ್ನು ನೋಡಿದ.

ಕಂಠಪ್ಪ ನಕ್ಕ. ನಗುತ್ತಲೇ ಬಗ್ಗಿ ಬೂಟು ಕಳಚಿ ಪಕ್ಕಕ್ಕೆ ತಳ್ಳಿ, ಆ ಚಪ್ಪಲಿಗೆ ಕಾಲು ತೂರಿಸಿ, ಎದ್ದುನಿಂತು ಎರಡು ಹೆಜ್ಜೆ ನಡೆದೂ ತೋರಿಸಿದ. ತನ್ನ ಎದೆ ಮುಟ್ಟಿಕೊಂಡು ಏನೋ ಹೇಳಿದ. ನನ್ನವೇ ಚಪ್ಪಲಿ ಎಂದನೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಇನ್ಸ್‌ಪೆಕ್ಟರೂ ಸಣ್ಣಗೆ ನಕ್ಕ.

ಅವನ ಹಿಮ್ಮಡಿ ಒಂದು ಬೆರಳಿನಷ್ಟು ಚಪ್ಪಲಿಯಿಂದಾಚೆಗೆ ಚಾಚಿಕೊಂಡಿತ್ತು. ಗುರುಶಾಂತಮ್ಮ ಬೆರಳು ತೋರಿಸುವಷ್ಟರಲ್ಲಿ ಅವನು ಕುರ್ಚಿಗೆ ಕುಕ್ಕರಿಸಿ ಕಾಲನ್ನು ಒಳಕ್ಕೆ ಎಳೆದುಕೊಂಡಾಗಿತ್ತು. ಇನ್ಸ್‌ಪೆಕ್ಟರ್ ಬರೆಯುತ್ತಿದ್ದ.

ಆದರೆ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಕಳಚಿಟ್ಟ ಬೂಟು ಮಗ್ಗುಲಾಗಿ ಬಿದ್ದಿತ್ತು. ಅದರ ಅಡಿಗೆ ಹಸಿ ಮಣ್ಣು ಮೆತ್ತಿಕೊಂಡಿತ್ತು. ಕೆಂಪು ಮಣ್ಣು, ಹುಣಸೂರಿನ ಹೊಲದ ಮಣ್ಣಿನಂಥದ್ದೇ. ಹೋಟೆಲಿನ ಸುತ್ತ ಎತ್ತ ನೋಡಿದರೂ ಬಿಳಿ ಮರಳು. ಬೆಳಗ್ಗೆಯಿಂದ ಹೋಟೆಲು ಬಿಟ್ಟು ಕದಲಿಲ್ಲ ಎಂದು ಅವಳಿಗೆ ಹೇಳಿದ್ದವನ ಕಾಲಿಗೆ ಕೆಂಪು ಮಣ್ಣು ಎಲ್ಲಿಂದ ಬಂತು?

ಅವಳು ನೋಡಿದ್ದನ್ನು ಅವನೂ ನೋಡಿದ. ಬೂಟನ್ನು ಮೆಲ್ಲಗೆ ಕುರ್ಚಿಯ ಕೆಳಕ್ಕೆ ಸರಿಸಿದ.

“ಕಣ್ಣು ಬಲೇ ಚುರುಕು ನಿಂಗೆ,” ಎಂದ. ಈ ಸಲ ದನಿಯಲ್ಲಿ ಕರುಣೆಯಿರಲಿಲ್ಲ. “ನಾಳೆ ಒಂದಿನ ಕಣೇ. ವಕೀಲ್ರು ಬತ್ತಾರೆ, ನನ್ ಪಕ್ಕ ಕೂತ್ಕೊ, ಎಬ್ಬೆಟ್ಟೊತ್ತು. ಆಮ್ಯಾಕೆ ನಿನ್ ದಾರಿ ನಿಂಗೆ.”

“ನಮ್ಮೋರು ಎಲ್ಲವ್ರೆ?”

“ಕೂತ್ಕೊಂಡಿದ್ರೆ ಯೋಳ್ತೀನಿ. ಇಂಗೇ ಕುಣೀತಾ ಇದ್ರೆ...” ಅವನು ಮಾತು ಮುಗಿಸದೆ ಸಮುದ್ರದ ಕಡೆ ಒಮ್ಮೆ ನೋಡಿದ.

ಹೋಟೆಲಿನ ಮ್ಯಾನೇಜರ್ ಪೆರೇರಾ ದೊಡ್ಡ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅವಳನ್ನು ಹೊರಗೆ ಕರೆಯುವ ಮುಂಚೆಯೇ ಇನ್ಸ್‌ಪೆಕ್ಟರ್ ಅವನನ್ನು ವಿಚಾರಿಸಿ ಮುಗಿಸಿದ್ದ. ಈಗಲೂ ಪೆರೇರಾ ಅವಳ ಮುಖ ನೋಡಲಿಲ್ಲ. ಬೆವರು ಒರೆಸಿಕೊಳ್ಳುತ್ತ ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಇವನೂ ಕಂಠಪ್ಪನ ಕೂಟದವನೋ, ಇಲ್ಲ ಪೊಲೀಸೆಂದರೆ ಹೆದರುವವನೋ, ಅವಳಿಗೆ ತಿಳಿಯಲಿಲ್ಲ.

ಆ ರಿಜಿಸ್ಟರನ್ನು ನೋಡುತ್ತಲೇ ಅವಳಿಗೆ ಎಲ್ಲ ಹೊಳೆಯಿತು. ಹಾಳಾದ್ದು, ಎಲ್ಲ ಶುರುವಾದದ್ದೇ ಅದರಿಂದ!

ಬಂದ ದಿನ ಸಂಜೆ ಗಂಡ ಕುದುರೆಗಾಡಿಯಿಂದ ಪೆಟ್ಟಿಗೆ ಇಳಿಸುತ್ತಿದ್ದ. ಇವಳು ಕಂಠಪ್ಪನ ಹಿಂದೆ ಒಳಗೆ ಬಂದು ನಿಂತಿದ್ದಳು. ಪೆರೇರಾ ಲೇಖನಿ ಹಿಡಿದು ಏನೋ ಕೇಳಿದ.

“ಯಜಮಾನ್ರ ಹೆಸ್ರು ಕೇಳ್ತಾವ್ರೆ ಅಕ್ಕಾವ್ರೆ,” ಎಂದಿದ್ದ ಕಂಠಪ್ಪ.

ಅವಳು ಸೆರಗು ಎಳೆದುಕೊಂಡು ನೆಲ ನೋಡಿದಳು. ಮತ್ತೇನು ಮಾಡಿಯಾಳು? ಮದುವೆಯ ದಿನ ನಾದಿನಿಯರು ಹೊಸಿಲಿಗೆ ಅಡ್ಡನಿಂತು ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಕಾಡಿದಾಗ ಒಂದೇ ಒಂದು ಸಲ ಪಿಸುಗುಟ್ಟಿದ್ದಳು. ಅದಾಗಿ ಒಂಬತ್ತು ವರ್ಷ. ಅತ್ತೆ ಪುಟ್ಟಮಲ್ಲಮ್ಮ ಮಾರನೆಯ ದಿನವೇ ಹೇಳಿದ್ದರು: “ಇನ್ನು ಬಾಯಲ್ಲಿ ಆ ಹೆಸ್ರು ಬರಕೂಡ್ದು ಕಣವ್ವ. ಎಂಡ್ರು ಕರುದ್ರೆ ಗಂಡಿನ ಆಯಸ್ಸು ಸವೀತದೆ.” ಮನೆಯ ಎತ್ತನ್ನು ಎಲ್ಲರೂ ಬಸವ ಎಂದು ಕರೆದರೆ, ಗಂಡನ ಹೆಸರಲ್ಲಿ ಆ ಅಕ್ಷರ ಬರುತ್ತದೆಂದು ಇವಳೊಬ್ಬಳು ಕೆಂದ ಎನ್ನುತ್ತಿದ್ದಳು. ಎತ್ತಿಗೂ ಅದು ರೂಢಿಯಾಗಿತ್ತು.

“ನಮ್ಮ ಕಡೆ ಎಣ್ಮಕ್ಳು ಯಾವತ್ತಾದ್ರೂ ಯೋಳಾರೇ? ಬುಡಿ ಅಕ್ಕಾವ್ರೆ, ನಾನೇ ಬರುಸ್ತೀನಿ,” ಎಂದು ಕಂಠಪ್ಪ ನಕ್ಕು, ಪೆರೇರಾನ ಕಿವಿಯತ್ತ ಬಗ್ಗಿ ಅವಳಿಗೆ ಕೇಳದಷ್ಟು ಮೆಲ್ಲಗೆ ಬರೆಸಿದ್ದ. ಎಷ್ಟು ತಿಳಿದ ಮನುಷ್ಯ, ಮಾನ ಉಳಿಸಿದ ಎಂದು ಅವಳು ಮನಸ್ಸಿನಲ್ಲೇ ಕೈಮುಗಿದಿದ್ದಳು. ಥೂ ನನ್ನ ಬುದ್ಧಿಗಿಷ್ಟು!

ಆಮೇಲಾದರೂ ಹೋಟೆಲಿನವರಿಗೆ ಯಾರು ಯಾರ ಗಂಡ ಎಂದು ಹೇಗೆ ಗೊತ್ತಾಗಬೇಕು? ಆರು, ಏಳು ಎರಡೂ ಕೋಣೆಗಳ ನಡುವೆ ಒಳಬಾಗಿಲಿತ್ತು, ಯಾರು ಯಾವುದರಲ್ಲಿ ಮಲಗುತ್ತಾರೆಂದು ಹೊರಗಿನವರಿಗೆ ಕಾಣದು. ಗಂಡಸರಿಬ್ಬರೂ ಹಜಾರದಲ್ಲಿ ಕೂತು ಉಂಡರೆ ಇವಳು ಆಮೇಲೆ ಕೋಣೆಯೊಳಗೆ ಉಣ್ಣುತ್ತಿದ್ದಳು. ಹೊರಗೆ ಹೊರಟರೆ ಇಬ್ಬರ ಹಿಂದೆ ಹತ್ತು ಹೆಜ್ಜೆ ದೂರ ಮುಸುಕು ಹಾಕಿಕೊಂಡು ನಡೆಯುತ್ತಿದ್ದಳು. ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ಕಂಠಪ್ಪ ತನ್ನ ಹೆಸರನ್ನೇ ಬರೆಸಿ, ಇವಳನ್ನು ಕಂಠಪ್ಪನ ಹೆಂಡತಿ ಮಾಡಿ ಕೂಡಿಸಿದ್ದಾನೆ! ಹಾಗೆಂದು ಅವಳಿಗೆ ಖಾತ್ರಿಯಾಯಿತು.

ಇನ್ಸ್‌ಪೆಕ್ಟರ್ ಪುಸ್ತಕ ಮಡಿಸಿ ಟೋಪಿಗೆ ಕೈಹಾಕಿದ. ಹೋಗಿಬಿಟ್ಟರೆ ಮುಗಿಯಿತು.

ಬೆಳಗ್ಗೆಯಿಂದ ಎಷ್ಟು ಮಾತಾಡಿದಳು! ನಮ್ಮೋರು ಎಂದಳು, ನಮ್ಮ ಯಜಮಾನ್ರು ಎಂದಳು, ಅವರು ಇವರು ಎಂದಳು. ಅಷ್ಟನ್ನೂ ಕಂಠಪ್ಪ ತನಗೆ ಬೇಕಾದ ಹಾಗೆ ತಿರುಚಿಬಿಟ್ಟ. ಆದರೆ ಹೆಸರು? ಹೆಸರನ್ನು ಯಾವ ಭಾಷೆಗೆ ತಿರುಗಿಸುತ್ತಾನೆ? ಹುಣಸೂರಿನಲ್ಲೂ ಅದೇ, ಸಿಂಹಳದಲ್ಲೂ ಅದೇ. ಹೆಸರೊಂದಕ್ಕೆ ಇವನ ಬಾಯಿ ಬೇಕಿಲ್ಲ!

ಅತ್ತೆಯ ಮಾತು ಕಿವಿಯಲ್ಲಿ ಕೂತಿತ್ತು. ಗಂಡ ಎಲ್ಲಿ ಬಿದ್ದಿದ್ದಾನೋ, ಜೀವ ಹಿಡಿದುಕೊಂಡಿದ್ದಾನೋ ಇಲ್ಲವೋ. ಇಂಥ ಹೊತ್ತಿನಲ್ಲಿ ಬಾಯಾರೆ ಹೆಸರು ಆಡಿ ಇರುವ ಆಯಸ್ಸನ್ನೂ ಕಳೆಯುವುದೇ? ಆಡದಿದ್ದರೆ ಇವನೇ ಕಳೆಯುತ್ತಾನಲ್ಲ! ಅವಳಿಗೆ ಅಳು ಉಕ್ಕಿ ಬಂತು. ನಂಜುಂಡ, ನನ್ನ ಆಯಸ್ಸಿನಲ್ಲಿ ಮುರಿದುಕೋ, ಅವರದ್ದು ಮುಟ್ಟಬೇಡ ಎಂದುಕೊಂಡಳು.

ಅವಳು ಮೇಜಿಗೆ ಅಡ್ಡವಾಗಿ ಹೋಗಿ ನಿಂತಳು. ಸೆರಗಿನೊಳಗಿಂದ ತಾಳಿಯನ್ನು ಹೊರಗೆಳೆದು ಇನ್ಸ್‌ಪೆಕ್ಟರನ ಮುಖಕ್ಕೆ ಹಿಡಿದಳು. ಕಂಠಪ್ಪನ ಕಡೆ ಕೈ ಮಾಡಿ ಅಡ್ಡಡ್ಡ ತಲೆಯಾಡಿಸಿದಳು. ಮತ್ತೆ ತಾಳಿ ಮುಟ್ಟಿಕೊಂಡಳು.

“ಚಿಕ್ಕಬಸಪ್ಪ!” ಎಂದಳು.

ದನಿ ಒಡೆದುಹೋಯಿತು. ಇನ್ನೊಂದು ಸಲ ಗಟ್ಟಿಯಾಗಿ, ಜಗಲಿಯ ಮಂದಿಯೆಲ್ಲ ಕೇಳುವ ಹಾಗೆ ಕೂಗಿದಳು.

“ಚಿಕ್ಕಬಸಪ್ಪ! ನನ್ನ ಗಂಡ, ಚಿಕ್ಕಬಸಪ್ಪ!”

ಕಂಠಪ್ಪ ಕುರ್ಚಿಯಿಂದ ಮೆಲ್ಲಗೆ ಎದ್ದ.

“ಓ,” ಎಂದ.

ಅವಳಿಗೆ ಅರ್ಥವಾಗಲಿಲ್ಲ.

“ಕರುದ್ಯಲ್ಲಾ, ಓ ಅಂದೆ,” ಎಂದ ಅವನು, ತಣ್ಣಗೆ. “ಕೊನೇಗೂ ಗಂಡನ ಹೆಸ್ರು ಬಾಯಿಗೆ ಬಂತಲ್ಲ. ಬಲೇ ಎಣ್ಣು.”

ಇನ್ಸ್‌ಪೆಕ್ಟರನ ಮುಖ ಅರಳಿತು. ಅವನು ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ಆರನೆಯ ಕೋಣೆಯ ಸಾಲಿನ ಮೇಲೆ ಬೆರಳಿಟ್ಟ. ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು. ಆದರೆ ಅವನು ಓದಿದ್ದು ಕೇಳಿಸಿತು, ತೊದಲುತ್ತ, ಒಂದೊಂದೇ ಅಕ್ಷರ. “ಚಿಕ್ಕ... ಬಸಪ್ಪ.” ಪೆರೇರಾ ಜೋರಾಗಿ ತಲೆಯಾಡಿಸಿ ಕಂಠಪ್ಪನ ಕಡೆ ಬೆರಳು ತೋರಿಸಿದ. ಆಮೇಲೆ ಏಳನೆಯ ಕೋಣೆಯ ಸಾಲನ್ನು ಮುಟ್ಟಿ, “ಕಂಠಪ್ಪ,” ಎಂದು, ಹೊರಟುಹೋದನೆಂದು ಬೀದಿಯ ಕಡೆ ಕೈ ಬೀಸಿದ.

ಅಂದರೆ ಆ ಸಂಜೆ ಅವನು ಬರೆಸಿದ್ದು ಅವಳ ಗಂಡನ ಹೆಸರನ್ನೇ! ಬರೆಸಿ, ಆ ಹೆಸರಿನ ಮುಂದೆ ತಾನು ನಿಂತುಕೊಂಡಿದ್ದ. ಅವಳ ಹತ್ತಿರ ಉಳಿದಿದ್ದ ಒಂದೇ ಒಂದು ಆಧಾರ ಅದು. ಒಂಬತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡದ್ದನ್ನು ಹೊರಗೆ ತೆಗೆದು ತಾನೇ ಕೈಯಾರೆ ಇವನಿಗೆ ಉಡುಗೊರೆ ಕೊಟ್ಟಂತಾಗಿತ್ತು. ಅವಳು ಅಲ್ಲೇ ಕಂಬಕ್ಕೆ ಒರಗಿ ಕುಸಿದಳು.

ಕಂಠಪ್ಪ ಅಷ್ಟಕ್ಕೇ ಬಿಡಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಕೊರಳಲ್ಲಿದ್ದ ದಾರ ಎಳೆದ. ಅದರ ತುದಿಯಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ ತೂಗಾಡುತ್ತಿತ್ತು. ಅದನ್ನು ಕಳಚಿ ಇನ್ಸ್‌ಪೆಕ್ಟರನ ಕೈಗೆ ಕೊಟ್ಟು ಏನೋ ವಿವರಿಸಿದ. ಇನ್ಸ್‌ಪೆಕ್ಟರ್ ಅದನ್ನು ತಂದು ಗುರುಶಾಂತಮ್ಮನ ಅಂಗೈಯಲ್ಲಿ ಇಟ್ಟ.

“ಗುರುತು ಸಿಕ್ತದಾ ಅಂತ ಕೇಳ್ತಾವ್ರೆ,” ಎಂದ ಕಂಠಪ್ಪ.

ಸಿಗದೆ ಏನು! ಹನಗೋಡಿನ ಕಾಲುವೆ ಏರಿಯಲ್ಲಿ ಗಾಡಿ ಮಗುಚಿದಾಗ ಮುಚ್ಚಳದ ಅಂಚಿಗೆ ಬಿದ್ದ ತಗ್ಗು ಹಾಗೇ ಇತ್ತು. ಅವಳ ಗಂಡನ ಕರಡಿಗೆ. ಜೀವವಿರುವ ತನಕ ಮೈಯಿಂದ ಬೇರೆ ಮಾಡದ ವಸ್ತು, ಸತ್ತರೆ ಜೊತೆಗೇ ಮಣ್ಣಿಗೆ ಹೋಗುವಂಥದ್ದು. ಅದು ಇವನ ಕೊರಳಿಗೆ ಬಂತೆಂದರೆ... ಅಯ್ಯೋ! ಕೈ ಮುಷ್ಟಿಯಾಯಿತು.

ಮುಷ್ಟಿ ಕಟ್ಟಿದ ಮೇಲೆ ಅವಳಿಗೆ ಗೊತ್ತಾಯಿತು. ಕರಡಿಗೆ ಹಗುರವಾಗಿತ್ತು.

ಪ್ರತಿ ಸೋಮವಾರ ಬೆಳಗ್ಗೆ ಗಂಡ ಲಿಂಗವನ್ನು ಕರಡಿಗೆಯಿಂದ ತೆಗೆದು, ಬಿಳಿಯ ವಸ್ತ್ರದಲ್ಲಿ ಸುತ್ತಿ, ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ. ಬರಿ ಕರಡಿಗೆಯನ್ನು ಅವಳ ಕೈಗೆ ಕೊಡುತ್ತಿದ್ದ. ಅವಳು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗಿ ಕೊಡುತ್ತಿದ್ದಳು. ಒಂಬತ್ತು ವರ್ಷ, ಒಂದು ಸೋಮವಾರವೂ ತಪ್ಪದೆ. ಬರಿ ಕರಡಿಗೆಯ ತೂಕ ಅವಳ ಅಂಗೈಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಇದು ಅದೇ ತೂಕ. ಒಳಗೆ ಲಿಂಗವಿಲ್ಲ.

ಹೆಣದಿಂದ ಕಿತ್ತುಕೊಂಡಿದ್ದರೆ ಲಿಂಗ ಒಳಗೇ ಇರಬೇಕಾಗಿತ್ತು. ಖಾಲಿ ಎಂದು ಕಂಠಪ್ಪನಿಗೆ ಗೊತ್ತಿದ್ದರೆ ಅದನ್ನೇ ಸಾಕ್ಷಿಯೆಂದು ತಂದು ಅವಳ ಅಂಗೈಗೆ ಇಡಿಸುವ ಕೆಲಸ ಮಾಡುತ್ತಿರಲಿಲ್ಲ. ನಾನೂ ಲಿಂಗವಂತ ಎಂದ ಈ ಮಹಾನುಭಾವ ಮುಚ್ಚಳ ತೆಗೆದೂ ನೋಡಿಲ್ಲ! ಕೊಡು ಎಂದು ಇವನು ಕೈಚಾಚಿದಾಗ ಗಂಡ ತಾನೇ, ಬುದ್ಧಿ ನೆಟ್ಟಗಿರುವಾಗಲೇ, ಇವನ ಕಣ್ಣು ತಪ್ಪಿಸಿ ಲಿಂಗವನ್ನು ಉಳಿಸಿಕೊಂಡು ಬರಿ ಕರಡಿಗೆ ಕೊಟ್ಟಿದ್ದಾನೆ. ಕರಡಿಗೆ ಎಂದಾದರೂ ಹೆಂಡತಿಯ ಕೈಗೆ ಬಂದರೆ ಅವಳಿಗೆ ತಿಳಿಯುತ್ತದೆ ಎಂದುಕೊಂಡಿರಬೇಕು.

ಬದುಕಿದ್ದಾರೆ! ಬೆಳಗ್ಗೆಯಂತೂ ಬದುಕಿದ್ದರು. ಎಲ್ಲೋ ಕೆಂಪು ಮಣ್ಣಿರುವ ಕಡೆ. ಆ ಜಾಗ ಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ, ಎದುರಿಗೆ ನಿಂತಿದ್ದಾನೆ.

“ಏನೂಂತ ಯೋಳ್ಳಿ?” ಎಂದ ಕಂಠಪ್ಪ, ಬಗ್ಗಿ, ಅವಳ ಕಿವಿಯ ಹತ್ತಿರ. “ಅಲ್ನೋಡು, ಗೇಟಿನ ತಾವ ಜೀಪು. ಇನ್ನೊಂದ್ಸಲ ಅಲ್ಲ ಅಂದ್ರೆ ಉಚ್ಚರ ಆಸ್ಪತ್ರೆಗೆ ಸಾಗಿಸ್ತಾರಂತೆ. ನಾಳೆ ಎಣ್ತಿ ಇಲ್ದೆ ನಾನು ವಕೀಲ್ರ ಮುಂದೆ ಕೂರಕ್ಕಾಗಾಕಿಲ್ಲ, ದಿಟವೇ. ಆದ್ರೆ ನೀನು ಅಲ್ಲಿಗೋದ್ರೆ, ಆಮ್ಯಾಕೆ ನಿನ್ ಗಂಡನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಯೋಚ್ನೆ ಮಾಡು.”

ಗೇಟಿನ ಹತ್ತಿರ ಜೀಪು ನಿಂತಿದ್ದದ್ದು ಸುಳ್ಳಲ್ಲ. ಇಬ್ಬರು ಪೊಲೀಸರು ಅದಕ್ಕೆ ಒರಗಿಕೊಂಡು ಬೀಡಿ ಸೇದುತ್ತಿದ್ದರು.

ಇನ್ಸ್‌ಪೆಕ್ಟರ್ ಟೋಪಿ ಇಟ್ಟುಕೊಂಡ. ಕೊನೆಯ ಸಲವೆಂಬಂತೆ ಬೆರಳನ್ನು ಕಂಠಪ್ಪನ ಕಡೆ ತೋರಿಸಿ, ಆಮೇಲೆ ಅವಳ ತಾಳಿಯ ಕಡೆ ತೋರಿಸಿ, ಕಾದುನಿಂತ. ಈ ಪ್ರಶ್ನೆಗೆ ಯಾರೂ ಭಾಷೆ ತಿರುಗಿಸಬೇಕಾಗಿರಲಿಲ್ಲ.

ಗುರುಶಾಂತಮ್ಮ ಕರಡಿಗೆಯನ್ನು ಮುಷ್ಟಿಯಲ್ಲೇ ಸೆರಗಿನೊಳಕ್ಕೆ ಎಳೆದುಕೊಂಡಳು. ಕಂಬ ಹಿಡಿದು ಎದ್ದಳು. ತಾಳಿಯನ್ನು ಒಳಗೆ ಸೇರಿಸಿ, ತಲೆಯ ಮೇಲೆ ಮುಸುಕು ಎಳೆದುಕೊಂಡು, ಕಂಠಪ್ಪನ ಹಿಂದೆ, ಹೆಂಡತಿ ನಿಲ್ಲುವ ಜಾಗದಲ್ಲಿ ಹೋಗಿ ನಿಂತಳು.

“ಹೂಂ,” ಎಂದಳು. “ಇವರೇ.”